ಅಕ್ಕನ ಮೊಣಕಾಲು ಮತ್ತು ಮೂರನೆಯ ಸೀಸನ್

ನಾನು ಹಿಂದಿ ಮೇಷ್ಟ್ರಾಗಿ ನಿವೃತ್ತನಾದವನು. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು, ಮುಂದೆ ಬರುವ ಅನಾಹುತಗಳಿಗೆಲ್ಲ ಅದೇ ಮೂಲ. ಮುಳಬಾಗಿಲು, ಮಾಲೂರು, ಶ್ರೀನಿವಾಸಪುರ ಎಂದು ಮೂರು ತಾಲ್ಲೂಕುಗಳ ಮಕ್ಕಳಿಗೆ ನಾನು ಹಿಂದಿ ಕಲಿಸಿದೆ. ಅವರು ಮನೆಯಲ್ಲಿ ತೆಲುಗು ಆಡಿ, ಬೀದಿಯಲ್ಲಿ ಕನ್ನಡ ಆಡಿ, ಸಂತೆಯಲ್ಲಿ ಎರಡನ್ನೂ ಕಲಸಿ ಆಡಿ, ನನ್ನ ಪೀರಿಯಡ್ಡಿನಲ್ಲಿ ಮಾತ್ರ ಮೌನವ್ರತ ಹಿಡಿಯುತ್ತಿದ್ದರು. ಇಷ್ಟು ವರ್ಷಗಳಲ್ಲಿ ನನ್ನನ್ನು ಆ ಭಾಷೆಯಲ್ಲಿ ಮಾತಾಡಿಸಿದವರು ಒಬ್ಬರೂ ಇಲ್ಲ. ಹೀಗಾಗಿ ನನಗೆ ಹಿಂದಿ ಎಷ್ಟು ಬರುತ್ತದೆ ಎಂಬುದು ನನಗೂ ಸರ್ಕಾರಕ್ಕೂ ತಿಳಿಯದೆಯೇ ಉಳಿಯಿತು.

ತಿಳಿದದ್ದು ನಮ್ಮ ಅಕ್ಕನಿಗೆ.

ಅಕ್ಕ ತಾಯಲೂರಿನ ಹತ್ತಿರ ರೇಷ್ಮೆ ಹುಳು ಸಾಕುವವಳು. ನನಗಿಂತ ಎಂಟು ವರ್ಷ ದೊಡ್ಡವಳು, ಧ್ವನಿಯಲ್ಲಿ ಇನ್ನೂ ದೊಡ್ಡವಳು. ಕೋಲಾರದ ಆಸ್ಪತ್ರೆಯಲ್ಲಿ ಅವಳ ಬಲಮೊಣಕಾಲಿಗೆ ಆಪರೇಷನ್ ಆಯಿತು. ಕೋಲಾರಕ್ಕೆ ಬಸ್ಸು ಸಲೀಸೆಂದು ಶ್ರೀನಿವಾಸಪುರದ ನಮ್ಮ ಮನೆಗೆ ಅವಳನ್ನು ಕರೆತಂದೆವು. ವ್ಯಾಯಾಮ ಹೇಳಿಕೊಡಲು ಬರುತ್ತಿದ್ದ ಹುಡುಗಿ, ಕುರ್ಚಿಯಲ್ಲಿ ಕುಳಿತು ದಿನವೂ ಕಾಲನ್ನು ಮಡಚಿ ಚಾಚಬೇಕು, ಇಲ್ಲದಿದ್ದರೆ ಮಂಡಿ ಬಿಗಿದು ವಾಕರ್ ಬಿಡುವಂತಿಲ್ಲ ಎಂದಳು. ಅಕ್ಕ ನಾಲ್ಕು ಸಲ ಮಡಚಿ, "ನೋಯ್ತದೆ, ನಿಮ್ಮವ್ವನ ಕಾಲು ಮಡಚಿಸು ಹೋಗು" ಎಂದಳು.

ಇದು ತಮಾಷೆಯ ಸಂಗತಿಯಾಗಿರಲಿಲ್ಲ. ಅವಳು ನಡೆದು ಊರಿಗೆ ಮರಳದಿದ್ದರೆ ಹುಳದ ಮನೆಯನ್ನು ಮುಚ್ಚಿ, ಹಿಪ್ಪುನೇರಳೆ ಕಿತ್ತು ಟೊಮೇಟೊ ಇಡುವುದೆಂದು ಅವಳ ಮಗ ತೀರ್ಮಾನಿಸಿದ್ದ. ಹುಳು ಸಾಕುವ ತಟ್ಟೆಗಳ ಸಾಲುಗಳ ನಡುವೆ ವಾಕರ್ ಹಿಡಿಸುವುದಿಲ್ಲ. ಅಕ್ಕ ಈ ವಿಷಯ ಎತ್ತುತ್ತಿರಲಿಲ್ಲ. ಅವಳು ಎತ್ತದ ವಿಷಯ ಅದೊಂದೇ ಆದ್ದರಿಂದ ಅದು ಅವಳನ್ನು ಎಷ್ಟು ಕೊರೆಯುತ್ತಿದೆ ಎಂದು ನಮಗೆ ಗೊತ್ತಾಗುತ್ತಿತ್ತು.

ಉಪಾಯ ಹೊಳೆದದ್ದು ನನ್ನ ಹೆಂಡತಿಗೆ. ಪಂಡಿತರೆಲ್ಲ ಹೊಗಳಿ ಪ್ರಶಸ್ತಿಗಳ ಮೂಟೆ ಹೊರಿಸಿದ್ದ ಒಂದು ಹಿಂದಿ ಧಾರಾವಾಹಿಯನ್ನು ಅವಳು ಟೀವಿಯಲ್ಲಿ ಹಾಕಿದಳು. ಮೂರು ಸೀಸನ್ನುಗಳದು. ನಮ್ಮೂರಿನಲ್ಲಿ ಸೀಸನ್ ಎಂದರೆ ಮಾವಿನದು. ಧಾರಾವಾಹಿಗೂ ಕಾಯಿ, ದೋರೆ, ಕೊಳೆತದ್ದು ಎಂಬ ಹಂತಗಳಿರುತ್ತವೆ ಎಂದು ಆಗ ನನಗೆ ತಿಳಿದಿರಲಿಲ್ಲ. ಕರಾರು ಸರಳ: ಮಧ್ಯಾಹ್ನ ಊಟವಾದ ಮೇಲೆ ಒಂದು ಕಂತು. ಅದು ಓಡುವಷ್ಟು ಹೊತ್ತು ಅಕ್ಕನ ಕಾಲೂ ಆಡುತ್ತಿರಬೇಕು. ಅರ್ಥ ಹೇಳಲು ಪಕ್ಕದಲ್ಲಿ ನಾನು.

ಮೊದಲ ಸೀಸನ್ ಬಂಗಾರ. ಯಾವುದೋ ಉತ್ತರದ ಊರಿನಲ್ಲಿ ಗಂಡ ಸತ್ತ ಹೆಂಗಸೊಬ್ಬಳು ಅವನ ಲಾರಿ ಆಫೀಸು ನಡೆಸುತ್ತಾಳೆ. ಮೈದುನರಿಬ್ಬರು ಅದನ್ನು ನುಂಗಲು ನೋಡುತ್ತಾರೆ. ಜನ ಮಾತಾಡುತ್ತಿದ್ದರು, ಜಗಳವಾಡುತ್ತಿದ್ದರು, ಮುಖ್ಯವಾಗಿ ಅವರ ಮುಖ ಕಾಣುವಷ್ಟು ಬೆಳಕಿರುತ್ತಿತ್ತು.

"ಏನಂತೆ ಅವ್ನು?"

"ಲಾರಿ ಕಾಗದ ಎಲ್ಲಿಟ್ಟಿದ್ದೀಯ ಅಂತಾನೆ."

"ಕೊಡ್ಬೇಡ ಅನ್ನೋ ಅವ್ಳಿಗೆ! ಕಳ್ಳ ನನ್ಮಗ ಅವ್ನು, ಹುಬ್ಬು ನೋಡು!"

ಹೀಗೆಂದು ಅಕ್ಕ ಹೊಲಿಗೆ ಯಂತ್ರ ತುಳಿಯುವ ವೇಗದಲ್ಲಿ ಕಾಲಾಡಿಸುತ್ತಿದ್ದಳು. ಮೈದುನನಿಗೆ ಒದೆಯುವಾಗಲಂತೂ ಮಂಡಿ ಪೂರ್ತಿ ನೇರವಾಗುತ್ತಿತ್ತು. ವ್ಯಾಯಾಮದ ಹುಡುಗಿ ತನ್ನ ವಿದ್ಯೆಗೆ ತಾನೇ ಬೆರಗಾದಳು. ಆ ಲಾರಿಯವರ ಹಿಂದಿ ನನ್ನ ಪಠ್ಯಪುಸ್ತಕದ ಹಿಂದಿಯಾಗಿರಲಿಲ್ಲ. ಅರ್ಧವನ್ನು ಊಹಿಸಿ ಹೇಳುತ್ತಿದ್ದೆ. ಆದರೂ ಬದುಕಿನಲ್ಲಿ ಮೊದಲ ಬಾರಿಗೆ ಒಬ್ಬರು ನನ್ನ ಹಿಂದಿಯನ್ನು ಬಾಯಿಬಿಟ್ಟು ಕೇಳುತ್ತಿದ್ದರು.

ಎರಡನೆಯ ಸೀಸನ್ನಿನಲ್ಲಿ ಅಪಶಕುನಗಳು ಕಾಣಿಸಿದವು. ಒಂದು ಕಂತಿನಲ್ಲಿ ದೊಡ್ಡ ಮೈದುನ ಒಂದು ಕಿತ್ತಳೆಯನ್ನು ಸುಲಿಯತೊಡಗಿದ. ನಾವು ಕಾಫಿ ಕುಡಿದು ಮುಗಿಸಿದರೂ ಅವನು ಸುಲಿದು ಮುಗಿಸಲಿಲ್ಲ.

"ಒಳಗೆ ಏನೋ ಮಡಗವ್ನೆ ಕಣೋ, ಬಾಂಬೋ ವಜ್ರಾನೋ" ಎಂದು ಅಕ್ಕ ಉಸಿರು ಹಿಡಿದಳು. ಒಳಗೆ ತೊಳೆಗಳಿದ್ದವು.

ಮೂರನೆಯ ಸೀಸನ್ನಿನ ಹೊತ್ತಿಗೆ ನಿರ್ದೇಶಕನಿಗೆ ತಾನು ಕಲಾವಿದನೆಂಬುದು ಖಾತ್ರಿಯಾಗಿಬಿಟ್ಟಿತ್ತು. ಎಲ್ಲೆಲ್ಲೂ ಮಂಜು. ಮಂಜಿಲ್ಲದ ಕಡೆ ನೀಲಿ ಬೆಳಕು. ಲಾರಿಗಳನ್ನು ಆಕಾಶದಿಂದ ತೋರಿಸಿದ್ದರಿಂದ ಅವು ಬೆಂಕಿಪೊಟ್ಟಣಗಳಂತೆ ಕಂಡವು. ನಲ್ಲಿಯಿಂದ ಹನಿ ಬೀಳುತ್ತಿತ್ತು, ಆ ಹನಿಗೂ ಒಂದು ಸಂಗೀತವಿತ್ತು. ಮೊದಲ ಸೀಸನ್ನಿನಲ್ಲಿ ಪರಸ್ಪರ ಜುಟ್ಟು ಹಿಡಿದಿದ್ದ ಜನ ಈಗ ಒಂದೊಂದು ಮೂಲೆಯಲ್ಲಿ ನಿಂತು ದೂರಕ್ಕೆ ನೋಡುತ್ತಿದ್ದರು. ಮಾತಿಲ್ಲ.

"ಏನಂತಾಳೆ?"

"ಏನೂ ಅನ್ನಲಿಲ್ಲ ಅಕ್ಕ."

"ಅನ್ನದೆ ಏನು? ನಿಂಗೆ ಅರ್ಥ ಆಗ್ಲಿಲ್ಲ ಅನ್ನು."

ಒಂದು ವಾರ ಹೀಗೇ ಕಳೆಯಿತು. ಕೊನೆಗೆ ಅಕ್ಕ ತನ್ನ ವಿಮರ್ಶೆಯನ್ನು ಕೊಟ್ಟಳು: "ಇದಕ್ಕೆ ಜ್ವರ ಬಂದದೆ."

ರೇಷ್ಮೆಯವರು ಜ್ವರ ಎನ್ನುವುದು ಕಾಯಿಲೆಗಲ್ಲ. ಹುಳು ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು ಋಷಿಯಂತೆ ನಿಶ್ಚಲವಾಗಿ ಕೂರುತ್ತದೆ. ಅದಕ್ಕೆ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಮೇಯುವ ಹುಳದ ಮನೆಯಲ್ಲಿ ಸೋನೆಮಳೆಯ ಸದ್ದಿದ್ದರೆ, ಜ್ವರಕ್ಕೆ ಕೂತ ಮನೆಯಲ್ಲಿ ಏನೂ ಕೇಳದು. "ಎಲ್ಲಾ ತಲೆ ಎತ್ಕೊಂಡು ಕೂತವ್ರೆ ನೋಡು. ಹುಳ ಆದ್ರೆ ಒಂದು ದಿನಕ್ಕೆ ಎದ್ದು ಮೇಯ್ತದೆ. ಇವು ಏಳ್ತಾವಾ?" ಪತ್ರಿಕೆಗಳಲ್ಲಿ ಆ ಸೀಸನ್ನಿನ ಬಗ್ಗೆ ನಾನು ಓದಿದ ಯಾವ ಲೇಖನವೂ ಇಷ್ಟು ನಿಖರವಾಗಿರಲಿಲ್ಲ. ಪರದೆಯ ಮೇಲಿನ ಆ ಹುಳುಗಳ ಜೊತೆಗೆ ಅಕ್ಕನ ಕಾಲೂ ಜ್ವರಕ್ಕೆ ಕೂತಿತ್ತು.

ಹೊಗಳಿಕೆ ಯಾಕೆ ಹೀಗೆ ಮಾಡುತ್ತದೆ ಎಂದು ಆ ಮಂಜಿನ ನಡುವೆ ಯೋಚಿಸಲು ನನಗೆ ಬೇಕಾದಷ್ಟು ಸಮಯವಿತ್ತು. ಮುಳಬಾಗಿಲಿನಲ್ಲಿ ನನ್ನ ಕೆಲಸದ ದಿನಗಳಲ್ಲಿ ಒಂದು ಸಣ್ಣ ಹೋಟೆಲಿತ್ತು. ಅಂಗೈ ದಪ್ಪದ ದೋಸೆ, ಮೇಲೆ ತುಪ್ಪ, ತಿಂದರೆ ಮಧ್ಯಾಹ್ನದ ಪಾಠವೆಲ್ಲ ತೂಕಡಿಕೆ. ಹೆಸರು ಬಂತು. ಮುಂದೆ ನಾನು ಹೋದಾಗ ದೋಸೆ ಕಪ್ಪು ಕಲ್ಲಿನ ಮೇಲೆ ಬಂತು, ಚಟ್ನಿ ಸುತ್ತಲೂ ರಂಗೋಲಿಯ ಚುಕ್ಕೆಗಳಾಗಿತ್ತು. ಚುಕ್ಕೆಗಳನ್ನು ಕೂಡಿಸಿದರೂ ಒಂದು ತುತ್ತಿಗೆ ಸಾಲಲಿಲ್ಲ. ನಮ್ಮ ಹಳೆಯ ಕವಿಗಳೂ ಇದಕ್ಕೆ ಹೊರತಲ್ಲ. ಕಾವ್ಯಕ್ಕೆ ಅಷ್ಟಾದಶ ವರ್ಣನೆ ಬೇಕೆಂಬ ನಿಯಮ ಹುಟ್ಟಿದ್ದೇ ತಡ, ನಾಯಕನ ಮದುವೆ ಅತ್ತ ಕಾದಿರಲಿ ಎಂದು ಸಮುದ್ರ, ಪರ್ವತ, ಚಂದ್ರೋದಯಗಳನ್ನು ಸಾಲಾಗಿ ಬಣ್ಣಿಸಿದರು. ಅವರಾದರೋ ಹದಿನೆಂಟನ್ನು ಬಲ್ಲವರು. ನಮ್ಮ ನಿರ್ದೇಶಕನಿಗೆ ಗೊತ್ತಿದ್ದದ್ದು ಮಂಜು ಒಂದೇ.

ವ್ಯಾಯಾಮದ ಹುಡುಗಿ ಬಂದು ಮಂಡಿ ಒತ್ತಿ ನೋಡಿ ಮುಖ ಸಿಂಡರಿಸಿದಳು. "ಅಜ್ಜೀ, ಮತ್ತೆ ಬಿಗಿಯಾಗ್ತಿದೆ. ಹೀಗೇ ಆದ್ರೆ ವಾಕರ್ ಜೊತೇಲೇ ಊರಿಗೆ ಹೋಗಬೇಕಾಗುತ್ತೆ." ಅಂದೇ ಮಗನ ಫೋನೂ ಬಂತು, ಟೊಮೇಟೊ ಸಸಿಗೆ ಹೇಳಿಡಲೇ ಎಂದು. ಅಕ್ಕ ಫೋನನ್ನು ನನ್ನ ಕೈಗೆ ಕೊಟ್ಟು ಗೋಡೆ ನೋಡಿದಳು.

ಮರುದಿನದಿಂದ ನಾನು ಸುಳ್ಳು ಹೇಳತೊಡಗಿದೆ. ಪರದೆಯ ಮೇಲೆ ಲಾರಿಯ ಹೆಂಗಸು ತುಟಿ ಬಿಚ್ಚದೆ ನಿಂತಿದ್ದರೆ, "ಇವತ್ತು ಸಣ್ಣ ಮೈದುನನ ಕೈ ಮುರೀತೀನಿ ಅಂತಾಳೆ" ಎಂದೆ.

"ಬಾಯೇ ಆಡ್ಲಿಲ್ಲವಲ್ಲೋ?"

"ಮನಸ್ಸಲ್ಲಿ ಅಂದ್ಕೊಂಡಳು."

"ಅದು ನಿಂಗೆ ಹೆಂಗೆ ಕೇಳ್ತು?"

"ಅದೇ ಅಕ್ಕ ವ್ಯಾಕರಣ."

ಅಕ್ಕ ನಂಬಿದಳೋ ಇಲ್ಲವೋ, ಕಾಲು ನಂಬಿತು. ಮಡಚಿತು, ಚಾಚಿತು. ನಾನು ಎರಡು ಕೊಲೆ, ಒಂದು ಗುಪ್ತ ಮದುವೆ, ಲಾರಿಯ ಟೈರಿನೊಳಗೆ ಒಂದು ಉಯಿಲು ಹುಟ್ಟಿಸಿದೆ. ಅಡುಗೆಮನೆಯಿಂದ ನನ್ನ ಹೆಂಡತಿಯೂ ಬಂದು ಬಾಗಿಲಲ್ಲಿ ನಿಂತು ಕೇಳತೊಡಗಿದಳು. "ಪರವಾಗಿಲ್ಲ ರೀ, ಚೆನ್ನಾಗಿ ಹೇಳ್ತೀರ" ಎಂದುಬಿಟ್ಟಳು. ಮದುವೆಯಾದ ಮೇಲೆ ಅವಳ ಬಾಯಿಂದ ಬಂದ ಮೊದಲ ಪ್ರಶಸ್ತಿ.

ನನ್ನ ಅಧಃಪತನ ಅಲ್ಲಿಂದಲೇ. ಬರಿಯ ಕತೆ ನನಗೆ ಕೀಳೆನಿಸಿತು. ಕೊಲೆಗೆ ಮುಂಚೆ ಒಂದು ಕಾಗೆ ತಂದೆ. ಕಾಗೆಯ ಕಣ್ಣಿನಲ್ಲಿ ಸಂಜೆಯನ್ನು ತಂದೆ. ವಾಕ್ಯದ ನಡುವೆ ನಿಲ್ಲಿಸಿ ಫ್ಯಾನಿನ ಕಡೆ ನೋಡುವುದನ್ನು ಕಲಿತೆ. ಹೆಂಡತಿ ಮತ್ತೆ ಅಡುಗೆಮನೆಗೆ ಹೋದದ್ದು ನನ್ನ ಗಮನಕ್ಕೆ ಬರಲಿಲ್ಲ.

ಕೊನೆಯ ಕಂತಿನ ದಿನ ಲಾರಿಯ ಹೆಂಗಸು ಕಿಟಕಿಯ ಬಳಿ ನಿಂತು ಮಂಜನ್ನು ನೋಡತೊಡಗಿದಳು. ನಾನು ರಿಮೋಟನ್ನು ಎದೆಗೊತ್ತಿಕೊಂಡು ಕಣ್ಣು ಮುಚ್ಚಿ ಆರಂಭಿಸಿದೆ: "ಅಕ್ಕಾ, ಆ ಮಂಜು ಇದೆಯಲ್ಲ, ಅದು ಅವಳ ಅಂತರಂಗ. ಅದರೊಳಗೆ ಒಂದು ಲಾರಿ, ಡ್ರೈವರ್ ಇಲ್ಲದ ಲಾರಿ..."

"ನೋರು ಮುಯ್ಯಿರಾ!"

ಅಕ್ಕನಿಗೆ ಸಿಟ್ಟು ತುದಿಗೇರಿದರೆ ಕನ್ನಡ ಸಾಲದು. ಬಾಯಿ ಮುಚ್ಚೆಂದು ತೆಲುಗಿನಲ್ಲಿ ಗದರಿದವಳು ರಿಮೋಟಿಗೆ ಕೈ ಚಾಚಿದಳು. ನನ್ನ ಕಣ್ಣು ಮುಚ್ಚಿತ್ತು, ಲಾರಿ ಚಲಿಸುತ್ತಿತ್ತು. ಕುರ್ಚಿ ಕಿರ್ರೆಂದಿತು. ಕಣ್ಣು ಬಿಟ್ಟಾಗ ಟೀವಿ ಆರಿತ್ತು. ಅಕ್ಕ ಎದುರಿಗೆ, ಟೀವಿಯ ಪಕ್ಕದ ಗೋಡೆಯ ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತಿದ್ದಳು. ವಾಕರ್ ಈಚೆ, ಕುರ್ಚಿಯ ಪಕ್ಕದಲ್ಲೇ ಇತ್ತು.

"ಅದನ್ನ ಆರಿಸಿದ್ದಾಯ್ತು. ನಿನ್ನ ಸ್ವಿಚ್ಚು ಎಲ್ಲೋ ಮಡಗವ್ರೆ?"

ಹೆಂಡತಿ ಸೌಟು ಹಿಡಿದು ಓಡಿಬಂದು, "ಅತ್ತಿಗೆ, ನಡೆದ್ರಲ್ಲ!" ಎಂದಳು.

ಆಗ ಅಕ್ಕ ತನ್ನ ಕಾಲುಗಳನ್ನು ನೋಡಿಕೊಂಡಳು. ಗಾಬರಿಯಲ್ಲಿ ಒಂದು ಕೈ ಗೋಡೆಗೆ ಹೋಯಿತು. ನಾನು ವಾಕರ್ ಎತ್ತಿಕೊಂಡು ಧಾವಿಸಿದೆ. ಅವಳು ತಲೆ ಅಲ್ಲಾಡಿಸಿದಳು. ಗೋಡೆ ಬಿಟ್ಟು, ಒಂದೊಂದೇ ಹೆಜ್ಜೆ ಇಟ್ಟು, ಕುರ್ಚಿಯನ್ನೂ ದಾಟಿ ಬಾಗಿಲವರೆಗೆ ಹೋಗಿ ಹೊಸಿಲಿನ ಮೇಲೆ ನಿಂತಳು. ಸ್ವಲ್ಪ ಹೊತ್ತು ಬೀದಿ ನೋಡಿ, "ಟೊಮೇಟೊ ಬೇಡ ಅಂತ ಹೇಳು ಅವ್ನಿಗೆ" ಎಂದಳು.

ಆ ಮೂರನೆಯ ಸೀಸನ್ನನ್ನು ನಾನು ಇನ್ನು ಹಳಿಯಲಾರೆ. ನೋಡುಗನನ್ನು ಕುರ್ಚಿಗೆ ಅಂಟಿಸುವ ಧಾರಾವಾಹಿಗಳು ಊರ ತುಂಬ ಇವೆ. ಎಬ್ಬಿಸಿ ನಡೆಸಿದ್ದು ಇದೊಂದೇ.

ಮೊನ್ನೆ ತಾಯಲೂರಿನಿಂದ ಅಕ್ಕ ಫೋನ್ ಮಾಡಿದ್ದಳು. ಹಿಂದೆ ಹುಳು ಮೇಯುವ ಸದ್ದು ಕೇಳುತ್ತಿತ್ತು.

"ಎಡಗಾಲೂ ಎಳೀತಾ ಅದೆ ಕಣೋ. ಅದನ್ನೂ ಕುಯ್ಸಬೇಕಂತೆ. ಆ ಲಾರಿಯಮ್ಮಂದು ನಾಲ್ಕನೇದು ಬಂದ್ರೆ ಹೇಳು."

"ಖಂಡಿತ ಅಕ್ಕ. ಈ ಸಲ ನಾನು ಬಾಯಿ ಬಿಡಲ್ಲ."

"ಬಿಡ್ಬೇಕು. ಬರೀ ಟೀವಿ ನೋಡಿದ್ರೆ ಎದ್ದು ನಡೆಯೋವಷ್ಟು ಸಿಟ್ಟು ಬರಲ್ಲ."