ಸುಕ್ಕಿಗಾಗಿ ಜಗಳ

ಕೊರೊನಾ ಕಳೆದ ಮೇಲಿನ ಎರಡನೆಯ ಬೇಸಿಗೆ. ಆಗ ನಾನು ಪುಣೆಯಲ್ಲಿ ಪ್ರಾಸ್ಥೆಟಿಕ್ ಮೇಕಪ್ ಕಲಾವಿದೆಯಾಗಿದ್ದೆ. ಮೇಕಪ್ ಎಂದ ಕೂಡಲೇ ಜನ ಮುಖ ಚೆಂದ ಮಾಡುವ ಕೆಲಸ ಎಂದುಕೊಳ್ಳುತ್ತಾರೆ. ನನ್ನದು ಬಹುಮಟ್ಟಿಗೆ ಚೆಂದದ ಮುಖ ಕೆಡಿಸುವ ಕೆಲಸ. ಗಾಯ, ಸುಟ್ಟ ಕಲೆ, ಬೋಳು ತಲೆ, ಎಲ್ಲಕ್ಕಿಂತ ಹೆಚ್ಚಾಗಿ ಮುಪ್ಪು. ಜೋತುಬಿದ್ದ ಗಲ್ಲ ಬೇಕಾದರೆ ಸಿಲಿಕೋನಿನ ತುಂಡುಗಳನ್ನು ಅಚ್ಚಿನಲ್ಲಿ ಎರೆದು ಅಂಟಿನಿಂದ ಮುಖಕ್ಕೆ ಕೂಡಿಸುತ್ತೇವೆ. ಸಣ್ಣ ಸುಕ್ಕುಗಳಿಗೆ ಚರ್ಮವನ್ನು ಎಳೆದು ಹಿಡಿದು ಲೇಟೆಕ್ಸ್ ದ್ರವ ಹಚ್ಚಿ, ಬಿಸಿಗಾಳಿಯಲ್ಲಿ ಒಣಗಿಸಿ, ಕೈ ಬಿಡುತ್ತೇವೆ. ಚರ್ಮ ಸಡಿಲಾದ ಕ್ಷಣ ಮುಖದ ತುಂಬ ಸುಕ್ಕು ಮೂಡುತ್ತದೆ. ಧಾರವಾಡದಿಂದ ಬಂದು ಸದಾಶಿವ ಪೇಠದಲ್ಲಿ ಮನೆ ಮಾಡಿದ ಮೇಲೆ ನಾನು ಮಾಡಿದ್ದೆಲ್ಲ ಇದೇ ಕೆಲಸ.

ಆ ಬೇಸಿಗೆಯಲ್ಲಿ ಬೆಂಗಳೂರಿನ ನಿಖಿಲ್ ಎಂಬ ಹೊಸ ನಿರ್ದೇಶಕರು ಒಂದು ಕಪ್ಪು ಹಾಸ್ಯದ ಕಥೆ ಹಿಡಿದು ಬಂದರು. ಸಾವು, ಸಂಕಟಗಳನ್ನೇ ನಗೆಗೆ ಒಡ್ಡುವ ಚಿತ್ರಗಳಿಗೆ ಹಾಗೆನ್ನುತ್ತಾರೆ. ಕಥೆ ಸರಳವಾಗಿತ್ತು. ಪುಣೆಯ ಹಳೆಯ ವಾಡೆ, ಅಂದರೆ ದೊಡ್ಡ ತೊಟ್ಟಿಮನೆಯೊಂದರಲ್ಲಿ ಇಬ್ಬರು ನೆಗೆಣ್ಣಿಯರು, ಅಣ್ಣತಮ್ಮಂದಿರ ಹೆಂಡಿರು. ಅವರ ಕೈಗೆ ಒಂದು ಭರಣಿ ಲೇಹ್ಯ ಸಿಗುತ್ತದೆ. ಒಂದು ಚಮಚ ತಿಂದವಳಿಗೆ ಹರೆಯ ಮರಳುತ್ತದೆ, ಆದರೆ ಆಕೆಯಿಂದ ಕಳಚಿದ ವರ್ಷಗಳೆಲ್ಲ ಇನ್ನೊಬ್ಬಳ ಮೈಮೇಲೆ ಹೋಗಿ ಕೂರುತ್ತವೆ. ಆಮೇಲೆ ಇಬ್ಬರೂ ಆ ಭರಣಿಯನ್ನು ಕದಿಯುವುದೇ ಕದಿಯುವುದು. ಕೊನೆಗೆ ಒಬ್ಬಳು ಮುದುಕಿಯಾಗಿ ಸಾಯುತ್ತಾಳೆ. ಉಳಿದವಳು ಹರೆಯದ ಹುಡುಗಿಯಾಗಿ ಹೆಣದ ಮುಂದೆ ನಿಂತು, ಅಲ್ಲಿ ಸೇರಿದ ಜನರನ್ನೂ ಹೂಮಾಲೆಗಳನ್ನೂ ಕಂಡು ಹೊಟ್ಟೆಕಿಚ್ಚು ತಾಳಲಾರದೆ ತಾನೂ ಹೆಣದ ಪಕ್ಕದಲ್ಲಿ ಮಲಗಿಬಿಡುತ್ತಾಳೆ.

ಹರೆಯದ ಭಾಗವನ್ನು ಹಡಪಸರದ ಒಂದು ಕಂಪ್ಯೂಟರ್ ಕಚೇರಿಯವರು ಮಾಡುವುದು, ಮುಪ್ಪು ನನ್ನದು, ಎಂದು ಕೆಲಸ ಹಂಚಿಕೆಯಾಗಿತ್ತು. ಪರದೆಯ ಮೇಲೆ ಅವರು ಒಂದೇ ಒತ್ತಿನಲ್ಲಿ ಕೆನ್ನೆಗಳನ್ನು ನಯ ಮಾಡುವುದನ್ನು ನೋಡಿದಾಗ ನನಗೂ ಸಣ್ಣಗೆ ಉರಿಯಿತು. ಆದರೆ ಆ ಚಿತ್ರದಲ್ಲಿ ಉರಿಯ ವಿಷಯದಲ್ಲಿ ನನ್ನದು ಲೆಕ್ಕಕ್ಕೇ ಇರಲಿಲ್ಲ.

ನೆಗೆಣ್ಣಿಯರಾಗಿ ಆಯ್ಕೆಯಾದವರು ಬೆಳಗಾವಿಯ ಕುಮುದಾ ಮತ್ತು ಧಾರವಾಡದ ವತ್ಸಲಾ. ಇಬ್ಬರೂ ಅರವತ್ತರ ಆಸುಪಾಸು. ತರುಣಿಯರಾಗಿದ್ದಾಗ ಪುಣೆಯ ಒಂದೇ ನಾಟಕ ತಂಡದಲ್ಲಿದ್ದರು. ನಾಯಕಿಯ ಪಾತ್ರ ಒಂದು ನಾಟಕದಲ್ಲಿ ಇವರಿಗೆ ಬಂದರೆ ಮುಂದಿನದರಲ್ಲಿ ಅವರಿಗೆ ಬರುತ್ತಿತ್ತು, ಸಿಗದವರು ಸಖಿಯಾಗಿ ಚಾಮರ ಬೀಸಬೇಕಾಗುತ್ತಿತ್ತು. ತಂಡ ಊರಿನ ಕಡೆ ಪ್ರಯೋಗಕ್ಕೆ ಹೊರಟಾಗ ಸ್ವಾರಗೇಟ್ ನಿಲ್ದಾಣದಿಂದ ಒಂದೇ ಬಸ್ಸಿನಲ್ಲಿ ಒಬ್ಬರು ಮೊದಲ ಸೀಟಿನಲ್ಲಿ, ಇನ್ನೊಬ್ಬರು ಕಟ್ಟಕಡೆಯ ಸೀಟಿನಲ್ಲಿ ಕೂರುತ್ತಿದ್ದರು. ಊರು ಬಂದಾಗ ತಾವು ಎರಡನೆಯವರಾಗಿ ಇಳಿಯಲು ಇಬ್ಬರೂ ಒಪ್ಪದೆ, ಡ್ರೈವರ್ ಹಿಂದಿನ ಮತ್ತು ಮುಂದಿನ ಬಾಗಿಲು ಎರಡನ್ನೂ ಒಟ್ಟಿಗೆ ತೆಗೆಯಬೇಕಾಗುತ್ತಿತ್ತಂತೆ. ನಿಖಿಲ್‌ಗೆ ಇದೆಲ್ಲ ಗೊತ್ತಿತ್ತು. ಅದಕ್ಕಾಗಿಯೇ ಅವರಿಬ್ಬರನ್ನು ಕರೆತಂದಿದ್ದರು.

ಮೊದಲ ಮೇಕಪ್ ಪರೀಕ್ಷೆಯ ದಿನವೇ ರುಚಿ ತಿಳಿಯಿತು. ವತ್ಸಲಾ ಎದ್ದು ಹೋದ ಕುರ್ಚಿಯಲ್ಲಿ ಕೂತ ಕುಮುದಾ ಕನ್ನಡಿಯಲ್ಲೇ ನನ್ನನ್ನು ನೋಡಿದರು.

"ವಿಜಯಾ, ಆಕಿ ಗಲ್ಲದ ಮ್ಯಾಲೆ ಎಷ್ಟು ಸುಕ್ಕು ಕೂಡಿಸೀದಿ?"

"ಕಥಿಗೆ ಬೇಕಾದಷ್ಟು, ಅಕ್ಕಾರ."

"ನನಗ ಅದಕ್ಕಿಂತ ಎರಡು ಕಡಿಮಿ ಇರ್ಲಿ. ನಾ ಆಕಿಗಿಂತ ಸಣ್ಣಾಕಿ."

ಹೊರಗೆ ಕಾಯುತ್ತಿದ್ದ ವತ್ಸಲಾ ಬಾಗಿಲಲ್ಲಿ ತಲೆ ಹಾಕಿದರು. "ಹೌದವಾ, ಭಾಳ ಸಣ್ಣಾಕಿ. ನಮ್ಮವ್ವನ ಮದವಿಯೊಳಗ ಹಾಡು ಹೇಳಿದಾಕಿ!"

ಈ ಜಗಳ ನಾನು ಬಲ್ಲದ್ದೇ. ನಟಿಯರಷ್ಟೇ ಅಲ್ಲ, ನಟರೂ ಮುಪ್ಪಿನ ಮೇಕಪ್ಪಿನಲ್ಲಿ ಚೌಕಾಸಿ ಮಾಡುತ್ತಾರೆ. ನಾನು ಇಬ್ಬರಿಗೂ ಹೂಂ ಎಂದು, ಕಥೆಗೆ ಬೇಕಾದಷ್ಟೇ ಮಾಡಿದೆ. ತೋಳಿನ ಒಳಬದಿಗೆ ಅಂಟು ಹಚ್ಚಿ ಒಂದು ದಿನ ಬಿಟ್ಟು ನೋಡುವ ಪರೀಕ್ಷೆಯಲ್ಲಿ ಇಬ್ಬರ ಚರ್ಮಕ್ಕೂ ಏನೂ ಆಗಲಿಲ್ಲ.

ಚಿತ್ರೀಕರಣದಲ್ಲಿ ಮುಪ್ಪಿನ ಸರದಿ ಮೊದಲು ಬಂದದ್ದು ವತ್ಸಲಾ ಅವರಿಗೆ. ಕಥೆಯಲ್ಲಿ ಕುಮುದಾ ಲೇಹ್ಯ ತಿಂದಿದ್ದಾಳೆ, ವತ್ಸಲಾ ಬೆಳಗ್ಗೆ ಎದ್ದು ಕನ್ನಡಿ ನೋಡಿಕೊಳ್ಳುತ್ತಾಳೆ, ಅಷ್ಟೇ ದೃಶ್ಯ. ಮಾತಿಲ್ಲ. ವತ್ಸಲಾ ಕನ್ನಡಿಯಲ್ಲಿ ತಮ್ಮ ಮುಖ ಕಂಡು, ತಲೆ ತಗ್ಗಿಸಿ, ಬೇರೆ ಯಾರೋ ಹಿರಿಯರು ಬಂದಿದ್ದಾರೆಂದು ಸೆರಗು ಸರಿಮಾಡಿಕೊಂಡು ನಮಸ್ಕಾರ ಮಾಡಿದರು. ಅದು ಬರಹದಲ್ಲಿ ಇರಲಿಲ್ಲ. ಕಟ್ ಹೇಳಿದ ಮೇಲೆ ದೀಪ ಹಿಡಿದವರಿಂದ ಹಿಡಿದು ಚಹಾ ತಂದವರವರೆಗೆ ಎಲ್ಲರೂ ಚಪ್ಪಾಳೆ ತಟ್ಟಿದರು.

ಕುಮುದಾ ಮೂಲೆಯಲ್ಲಿ ಹರೆಯದ ಹೆರಳು ಹಾಕಿಕೊಂಡು ನಿಂತಿದ್ದರು. ಅವರೂ ತಟ್ಟಿದರು, ಎರಡೇ ಎರಡು ಸಲ. ಮರುದಿನ ಬೆಳಗ್ಗೆ ಯಾರೂ ಬರುವ ಮೊದಲೇ ನನ್ನ ಕೋಣೆಗೆ ಬಂದರು.

"ನನ್ನ ಮುಪ್ಪಿನ ಸೀನು ಬರ್ತಾವಲ್ಲ, ಅವಕ್ಕ ಆಕಿಗಿಂತ ಹೆಚ್ಚು ಸುಕ್ಕು ಬೇಕು."

"ಕಡಿಮಿ ಅಂದಿದ್ದಿರಲ್ಲ್ರೀ?"

"ಅಂದಿದ್ದೆ. ಈಗ ಹೆಚ್ಚು ಬೇಕು. ಕಣ್ಣಿನ ಕೆಳಗ ಚೀಲ ಜೋತು ಬಿಡು. ಆಕಿ ಎಂಬತ್ತರಾಕಿ ಅನಿಸಿದ್ರ ನಾ ನೂರರಾಕಿ ಅನಿಸಬೇಕು."

ಇದು ವತ್ಸಲಾ ಕಿವಿಗೆ ಬಿದ್ದು, ಅವರೂ ಬಂದು ಕುತ್ತಿಗೆಗೆ ಇನ್ನೊಂದು ಮಡಿಕೆ ಕೇಳಿದರು. ಅಷ್ಟು ವರ್ಷದ ಕೆಲಸದಲ್ಲಿ, ನನ್ನನ್ನು ಇನ್ನೂ ಮುದುಕಿ ಮಾಡು ಎಂದು ಜಗಳ ಕಾದವರನ್ನು ನಾನು ನೋಡಿದ್ದು ಅದೇ ಮೊದಲು. ನಾನೂ ನಿಖಿಲ್ ಅವರೂ ಮಧ್ಯಾಹ್ನ ಊಟ ಮಾಡುತ್ತ ಇದನ್ನು ನೆನೆದು ಬಹಳ ನಕ್ಕೆವು.

ನಗು ನಿಂತದ್ದು ಸಾವಿನ ದೃಶ್ಯದ ಹಿಂದಿನ ದಿನ. ಅಂದು ಕುಮುದಾ ಹಾಸಿಗೆ ಹಿಡಿದ ಮುದುಕಿಯಾಗಿ ನಟಿಸಬೇಕಿತ್ತು. ಬೆಳಗ್ಗೆ ಅವರ ಮುಖ ಒರೆಸುವಾಗ ಚರ್ಮ ಎಂದಿಗಿಂತ ತೆಳುವಾಗಿ, ಹೊಳೆಯುವಂತೆ ಕಂಡಿತು. ಏನಾದರೂ ಹಚ್ಚಿದಿರಾ ಎಂದು ಕೇಳಿದೆ. ಬಿಸಿಲು ಎಂದರು. ಸಿಲಿಕೋನ್ ಕೂಡಿಸಿ, ಲೇಟೆಕ್ಸ್ ಹಚ್ಚಿ ಕಳಿಸಿದೆ. ದಿನವಿಡೀ ಅವರು ಅದ್ಭುತವಾಗಿ ನಟಿಸಿದರು. ಮುದುಕಿಯ ನರಳಾಟ ಎಷ್ಟು ಸಹಜವಾಗಿತ್ತೆಂದರೆ ಈ ಸಲ ಚಪ್ಪಾಳೆ ವತ್ಸಲಾ ಅವರಿಗೆ ಬಿದ್ದದ್ದಕ್ಕಿಂತ ಜೋರಾಗಿಯೇ ಬಿತ್ತು. ಸಂಜೆ ಎಣ್ಣೆಯ ದ್ರಾವಣ ಸವರಿ ಮೊದಲ ತುಂಡು ಬಿಡಿಸಿದಾಗ ನನ್ನ ಕೈ ನಿಂತಿತು. ಕೆನ್ನೆ ಕೆಂಪಗೆ ಬಾತು, ಅಲ್ಲಲ್ಲಿ ನೀರು ಒಸರುತ್ತಿತ್ತು. ಅವರು ನರಳಿದ್ದು ನಟನೆಯಲ್ಲ.

"ಅಕ್ಕಾರ, ಖರೇ ಹೇಳ್ರಿ. ಏನ ಮಾಡಿಸಿಕೊಂಡಿರಿ?"

ಅವರು ಹೇಳಿದರು. ಹರೆಯದ ದೃಶ್ಯಗಳಲ್ಲಿ ಕಂಪ್ಯೂಟರಿನವರ ನೆರವು ತಮಗೆ ವತ್ಸಲಾಗಿಂತ ಕಡಿಮೆ ಬೇಕಾಯಿತು ಎಂದು ಎಲ್ಲರೂ ಅನ್ನಬೇಕೆಂದು, ಯಾರಿಗೂ ತಿಳಿಸದೆ ಚರ್ಮದ ಕ್ಲಿನಿಕ್ಕಿಗೆ ಹೋಗಿ ಪೀಲ್ ಮಾಡಿಸಿಕೊಂಡಿದ್ದರು. ಅಂದರೆ ಔಷಧಿಯಿಂದ ಮುಖದ ಮೇಲಿನ ಪದರ ಸುಲಿಸುವುದು. ಕೆಲವು ವಾರ ಮುಖಕ್ಕೆ ಏನೂ ಹಚ್ಚಬೇಡಿ ಎಂದು ಡಾಕ್ಟರ್ ಹೇಳಿದ್ದರು. ಸುಲಿದ ಆ ಚರ್ಮದ ಮೇಲೆಯೇ ನನ್ನ ಅಂಟು ಕೂತಿತ್ತು. ಹರೆಯದಲ್ಲೂ ಮುಪ್ಪಿನಲ್ಲೂ, ಎರಡರಲ್ಲೂ ಗೆಲ್ಲಬೇಕೆಂದು ಹೊರಟು ಅವರು ತಮ್ಮ ಮುಖವನ್ನೇ ನಡುವೆ ಸಿಕ್ಕಿಸಿದ್ದರು.

"ನಿಖಿಲ್‌ಗ ಹೇಳಬ್ಯಾಡವಾ," ಎಂದು ನನ್ನ ಕೈ ಹಿಡಿದರು. "ನಾಳಿ ಒಂದು ದಿನ. ತಡಕೋತೇನಿ. ನಾ ಬಿಟ್ರ ಆ ಸಾವಿನ ಸೀನು ಆಕಿಗಿ ಕೊಡತಾರ."

ನಾಳೆಯೂ ಅಂಟು ಹಚ್ಚಿದರೆ ಕಲೆ ಉಳಿಯುತ್ತದೆ ಎಂದು ನನಗೆ ಗೊತ್ತಿತ್ತು. ಅವರನ್ನು ಆಟೋದಲ್ಲಿ ಡಾಕ್ಟರ ಬಳಿಗೆ ಕರೆದೊಯ್ದೆ. ಅಲ್ಲಿಂದಲೇ ನಿಖಿಲ್‌ಗೆ ಫೋನ್ ಮಾಡಿದೆ.

ಮರುದಿನ ನಿಖಿಲ್ ವತ್ಸಲಾ ಅವರನ್ನು ನನ್ನ ಕೋಣೆಗೇ ಕರೆದು, "ಮೇಡಂ, ಕುಮುದಾ ಮೇಡಂಗೆ ಮುಖಕ್ಕೆ ಏನೂ ಹಚ್ಚೋ ಹಾಗಿಲ್ಲ. ಕೊನೇ ಸೀನ್ ಉಲ್ಟಾ ಮಾಡೋಣ. ಅವರು ಇನ್ನೊಂದು ಚಮಚ ತಿಂದ್ರು ಅಂತ ಮಾಡಿ, ಅವರ ಮುಖ ಕಂಪ್ಯೂಟರಲ್ಲಿ ಸರಿ ಮಾಡಿಸ್ತೀವಿ. ಸಾಯೋದು ನೀವು," ಎಂದರು. ವತ್ಸಲಾ ಬಯಸಿದ್ದು ತಾನಾಗಿ ಬಂದಿತ್ತು. ಅವರ ಕಣ್ಣು ಹೊಳೆದದ್ದನ್ನು ನಾನು ನೋಡಿದೆ. ಅಷ್ಟರಲ್ಲಿ ಕುಮುದಾ ತಮ್ಮ ಸಾಮಾನು ಒಯ್ಯಲೆಂದು ಮುಖಕ್ಕೆ ಓಢಣಿ ಸುತ್ತಿಕೊಂಡು ಒಳಗೆ ಬಂದರು. ವತ್ಸಲಾ ಎದ್ದು ಹೋಗಿ, ಕೇಳದೆಯೇ ಓಢಣಿ ಸರಿಸಿ ನೋಡಿದರು. ಕುಮುದಾ ತಡೆಯಲಿಲ್ಲ.

"ನೋಡು, ಕಣ್ಣು ತುಂಬ ನೋಡು," ಎಂದರು ಕುಮುದಾ. "ಈಗ ಗೆದ್ದಿ ನೀ."

ವತ್ಸಲಾ ಓಢಣಿಯನ್ನು ಮೊದಲಿದ್ದಂತೆ ಹೊದಿಸಿ ನಿಖಿಲ್ ಕಡೆ ತಿರುಗಿದರು.

"ಈಕಿ ಮುಖ ಮಾಯೂ ತನಕಾ ನಾ ಕಾಯ್ತೇನ್ರಿ. ಸಾಯಬೇಕಾದಾಕಿ ಈಕಿನ. ನಾ ನಿಂತು ನೋಡಿ ಉರಕೋಬೇಕು. ನನ್ನ ಜಾಗಾದಾಗ ಯಾರನ್ನ ನಿಲ್ಲಿಸಿದ್ರೂ ನನ್ನಷ್ಟು ಹೊಟ್ಟಿ ಉರಕೊಳ್ಳಾಕಿ ಎಲ್ಲಿ ಸಿಗತಾಳ?"

ಕುಮುದಾ ಓಢಣಿಯೊಳಗೇ, "ಉರಿ ಮಾತ್ರ ಛಲೋ ಮಾಡತಾಳ ಆಕಿ," ಎಂದರು. ನಲವತ್ತು ವರ್ಷದಲ್ಲಿ ಒಬ್ಬರು ಇನ್ನೊಬ್ಬರಿಗೆ ಕೊಟ್ಟ ಮೆಚ್ಚುಗೆ ಅದೊಂದೇ ಇರಬೇಕು.

ಆದರೆ ಬಾಡಿಗೆಗೆ ಪಡೆದ ವಾಡೆಯನ್ನು ವಾರದೊಳಗೆ ಬಿಡಬೇಕಿತ್ತು. ಮುಖ ಅಷ್ಟು ಬೇಗ ಮಾಯುವಂತಿರಲಿಲ್ಲ. ಆಗ ನಾನು ನಿಖಿಲ್‌ಗೆ ಹೇಳಿದೆ: ವಯಸ್ಸನ್ನು ಮುಖಕ್ಕಿಂತ ಮೊದಲು ಕೈ ಹೇಳುತ್ತದೆ. ಹೆಣದ ಮುಖಕ್ಕೆ ಬಿಳಿಯ ಬಟ್ಟೆ ಮುಚ್ಚೋಣ, ಕೈಗಳನ್ನು ಮಾತ್ರ ನೂರು ವರ್ಷದವು ಮಾಡುತ್ತೇನೆ. ಅವರು ಒಪ್ಪಿದರು. ಕುಮುದಾ ಒಪ್ಪಲು ಅರ್ಧ ದಿನ ಬೇಕಾಯಿತು. ಮುಖ ಮುಚ್ಚಿದರೆ ಕ್ಯಾಮೆರಾ ಪೂರ್ತಿ ವತ್ಸಲಾ ಮೇಲೆಯೇ ಇರುತ್ತದಲ್ಲ!

ದೃಶ್ಯ ಶುರುವಾಯಿತು. ಬಟ್ಟೆಯ ಕೆಳಗೆ ಕುಮುದಾ, ಮೇಲೆ ಚೆಂಡುಹೂವಿನ ಮಾಲೆಗಳು, ಎದೆಯ ಮೇಲೆ ನಾನು ನರ ಉಬ್ಬಿಸಿ, ಚುಕ್ಕೆ ಇಟ್ಟು ಮಾಡಿದ ಕೈಗಳು. ವತ್ಸಲಾ ಮಾಲೆಗಳನ್ನು ನೋಡಿದರು, ಜನರನ್ನು ನೋಡಿದರು. ಅವರ ತುಟಿ ಅಸೂಯೆಯಿಂದ ನಿಧಾನಕ್ಕೆ ಸೊಟ್ಟಗಾಯಿತು. ಎಲ್ಲರೂ ಅವರನ್ನೇ ನೋಡುತ್ತಿದ್ದೆವು. ಬಳಿಕ ಅವರು ಮೆಲ್ಲಗೆ ಹೆಣದ ಪಕ್ಕ ಮಲಗಿ, ಒಂದು ಮಾಲೆಯನ್ನು ತಮ್ಮ ಕಡೆ ಎಳೆದುಕೊಂಡರು. ಅಷ್ಟರಲ್ಲಿ ಹೆಣದ ಕೈ ಎದ್ದಿತು. ಅವಸರವಿಲ್ಲದೆ ಮಾಲೆಯ ತುದಿ ಹಿಡಿದು ಮರಳಿ ತನ್ನ ಎದೆಯ ಮೇಲೆ ಎಳೆದುಕೊಂಡು, ಸರಿಮಾಡಿ, ಮತ್ತೆ ತಣ್ಣಗೆ ಮಲಗಿತು.

ನಿಖಿಲ್ ಕಟ್ ಹೇಳುವುದನ್ನೇ ಮರೆತರು. ಕ್ಯಾಮೆರಾ ಹಿಡಿದವರ ಭುಜ ನಗುವಿನಿಂದ ಕುಣಿಯುತ್ತಿತ್ತು. ವತ್ಸಲಾ ಎದ್ದು ಕೂತು ಎಲ್ಲರಿಗೂ ಕೇಳುವಂತೆ ಕೂಗಿದರು: "ನೋಡ್ರಿ! ಸತ್ತ ಮ್ಯಾಲೂ ಬಿಡಲಿಲ್ಲ ಈಕಿ!"

ಆ ಕೂಗೂ ಚಿತ್ರದಲ್ಲಿ ಉಳಿಯಿತು. ಅದೇ ಚಿತ್ರದ ಕೊನೆಯ ಮಾತು. ಪುಣೆಯ ಥಿಯೇಟರಿನಲ್ಲಿ ಜನ ಅತಿ ಹೆಚ್ಚು ನಕ್ಕದ್ದು ಅಲ್ಲಿಯೇ. ಕುಮುದಾ ಅವರ ಮುಖ ಎರಡು ತಿಂಗಳಲ್ಲಿ ಮಾಯಿತು, ಎಡಗೆನ್ನೆಯಲ್ಲಿ ಸಣ್ಣ ಕಪ್ಪು ನೆರಳೊಂದು ಉಳಿಯಿತು. ಆ ನಗು ಯಾರಿಗೆ ಬಂದದ್ದು, ಕೈಗೋ ಕೂಗಿಗೋ ಎಂಬ ವಾದ ಅವರಿಬ್ಬರ ನಡುವೆ ಇನ್ನೂ ತೀರಿಲ್ಲ. ಇಬ್ಬರೂ ಬೇರೆ ಬೇರೆಯಾಗಿ ಫೋನ್ ಮಾಡಿ ನನ್ನ ತೀರ್ಪು ಕೇಳುತ್ತಾರೆ.

ಈಗ ನಾನು ಚಿತ್ರಗಳ ಕೆಲಸ ಬಿಟ್ಟು ಹುಡುಗಿಯರಿಗೆ ಈ ವಿದ್ಯೆ ಕಲಿಸುತ್ತೇನೆ. ಚರ್ಮ ಒಣವೋ ಎಣ್ಣೆಯದೋ, ಅಂಟು ಒಗ್ಗುತ್ತದೋ ಇಲ್ಲವೋ, ಇವನ್ನು ಯಾರಾದರೂ ಕಲಿಸಿಯಾರು. ನಾನು ಇನ್ನೊಂದನ್ನು ಸೇರಿಸುತ್ತೇನೆ: ನಿಮ್ಮ ಕುರ್ಚಿಗೆ ಬಂದು ಕೂತವರು ಕನ್ನಡಿಯಲ್ಲಿ ನೋಡುವುದು ತಮ್ಮ ಮುಖವನ್ನಲ್ಲ, ಮತ್ತೊಬ್ಬರ ಮುಖವನ್ನು. ಆ ಮತ್ತೊಬ್ಬರು ಯಾರೆಂದು ತಿಳಿಯದೆ ಬ್ರಷ್ ಎತ್ತಬೇಡಿ.