ಮಥುರಾ ರಸ್ತೆಯ ದೀಪಸ್ತಂಭ

ಅವರ ಬಲಗೈಯಲ್ಲಿ ಮೊಣಕೈವರೆಗೆ ಒಂದು ಕೂದಲೂ ಇರಲಿಲ್ಲ. ದೋಸೆಕಲ್ಲಿನ ಕಾವಿಗೆ ವರ್ಷಗಟ್ಟಲೆ ಒಡ್ಡಿಕೊಂಡು ಚರ್ಮ ಹಳೆಯ ಬೆಂಚಿನ ಹಾಗೆ ನುಣುಪಾಗಿತ್ತು. ಎಡಗೈ ಮಾತ್ರ ಕರಡಿಯದು. ಹೀಗೆಂದು ಬರೆದ ಮೇಲೆ ಅನುಮಾನ: ನುಣುಪಾಗಿದ್ದದ್ದು ಎಡಗೈಯೋ? ನನ್ನ ಬಳಿ ಇರುವ ಒಂದೇ ಫೋಟೋದಲ್ಲಿ ಅವರು ತುಂಬುತೋಳಿನ ಸ್ವೆಟರ್ ಹಾಕಿದ್ದಾರೆ. ಬಲಗೈ ಎಂದೇ ಇಟ್ಟುಕೊಳ್ಳೋಣ.

ಫರೀದಾಬಾದ್ ದಾಟಿದ ಮೇಲೆ, ಹಳೆಯ ಮಥುರಾ ರಸ್ತೆಯ ಅಂಚಿನಲ್ಲಿ ಅವರ ಹೋಟೆಲು. ಗಿರಾಕಿಗಳೆಲ್ಲ ಅವರನ್ನು ‘ಅಣ್ಣಾ’ ಎನ್ನುತ್ತಿದ್ದರು, ನಾನು ‘ಯಜಮಾನ್ರೇ’ ಎನ್ನುತ್ತಿದ್ದೆ. ಹೋಟೆಲಿನ ಮುಂದೆ ಅವರು ಸಿಮೆಂಟಿನಲ್ಲೊಂದು ದೀಪಸ್ತಂಭ ಕಟ್ಟಿಸಿದ್ದರು. ಕಪ್ಪು ಬಿಳಿ ಪಟ್ಟೆ, ತುದಿಯಲ್ಲಿ ಗಾಜಿನ ಗೂಡು, ಒಳಗೊಂದು ಬಲ್ಬು. ತಮ್ಮೂರಿನ ಕಡಲ ದಂಡೆಯಲ್ಲಿದ್ದದ್ದೂ ಹಾಗೆಯೇ ಇತ್ತಂತೆ. ಸಮುದ್ರವೇ ಇಲ್ಲದ ಈ ಕಡೆ ಅದೊಂದು ನೋಡುವ ವಸ್ತುವಾಯಿತು. ಆಗ್ರಾಕ್ಕೆ ಹೋಗುವ ಸಂಸಾರಗಳು ಇಳಿದು ಫೋಟೋ ತೆಗೆದುಕೊಂಡು, ಆಮೇಲೆ ದೋಸೆ ತಿನ್ನುತ್ತಿದ್ದವು. ಬಸ್ಸಿನ ಕಂಡಕ್ಟರುಗಳು ‘ಲೈಟ್‌ಹೌಸ್ ವಾಲೇ, ಉತರೋ’ ಎಂದು ಕೂಗಿ ಇಳಿಸುತ್ತಿದ್ದರು. ಅದು ಏನೆಂದು ಎಲ್ಲರಿಗೂ ಅರ್ಥವಾಗುತ್ತಿತ್ತು ಎಂದಲ್ಲ.

‘ಅಣ್ಣಾ, ಯೇ ಪಾನೀ ಕೀ ಟಂಕೀ ಹೈ ಕ್ಯಾ?’ ಎಂದು ಒಬ್ಬ ಲಾರಿ ಡ್ರೈವರು ಅದನ್ನು ನೀರಿನ ಟ್ಯಾಂಕೆಂದುಕೊಂಡು ಕೇಳಿದ್ದ.

‘ಹೌದು ಭಯ್ಯಾ, ಒಳಗೆ ಸಾಂಬಾರು ತುಂಬಿಸಿಟ್ಟಿದ್ದೇನೆ,’ ಎಂದು ಇವರು ಕನ್ನಡದಲ್ಲೇ ಹೇಳಿ ಕಲ್ಲಿಗೆ ನೀರು ಚಿಮುಕಿಸಿದ್ದರು. ಅವನು ತಲೆಯಾಡಿಸಿ ಇನ್ನೊಂದು ವಡೆ ತೆಗೆದುಕೊಂಡ.

ನಾನು ಪ್ರತಿ ಭಾನುವಾರ ಹೋಗುತ್ತಿದ್ದೆ. ಆಫೀಸಿನಲ್ಲಿ ವಾರವಿಡೀ ಹಿಂದಿ, ಇಂಗ್ಲಿಷು. ಅಲ್ಲಿ ಮಾತ್ರ ಬಾಯಿ ತೆರೆದರೆ ಕನ್ನಡ ಬರುತ್ತಿತ್ತು. ಏನು ಮಾತಾಡುತ್ತಿದ್ದೆವೋ ನೆನಪಿಲ್ಲ. ಬಹುಶಃ ಏನೂ ಇಲ್ಲ.

ಫ್ಲೈಓವರ್ ಬಂತು. ಬಸ್ಸು, ಕಾರು, ಲಾರಿ ಎಲ್ಲವೂ ತಲೆಯ ಮೇಲಿಂದ ಹೋಗತೊಡಗಿದವು. ಕೆಳಗೆ ಅವರು ಹಿಟ್ಟು ಕಡಿಮೆ ರುಬ್ಬಿದರು, ಇನ್ನೂ ಕಡಿಮೆ ರುಬ್ಬಿದರು. ಒಂದು ಭಾನುವಾರ ಅವರ ಮಗಳು ಬಂದಿದ್ದಳು. ಅವಳು ಹುಟ್ಟಿದ್ದು, ಬೆಳೆದದ್ದು ಇಲ್ಲೇ.

‘ಪಪ್ಪಾ, ಅಬ್ ಬಸ್, ಸಾಕು. ನಮ್ಮನೆಗೆ ಬಂದುಬಿಡಿ. ಇಲ್ಲಿ ಯಾರಿಗೋಸ್ಕರ ಕೂತಿದ್ದೀರಾ?’

‘ಮೇಲಿಂದ ಯಾರಿಗೂ ಕಾಣ್ತಿಲ್ಲ, ಅಷ್ಟೆ. ಕಂಡ್ರೆ ಬರ್ತಾರೆ.’

‘ಅಚ್ಛಾ, ಹೋಳಿವರೆಗೆ ನೋಡಿ. ಅಷ್ಟರಲ್ಲಿ ಮೇಲಿಂದ ಒಬ್ಬರೂ ಬರ್ಲಿಲ್ಲ ಅಂದ್ರೆ ಬಂದ್. ಪ್ರಾಮಿಸ್?’

ಅವರು ಒಪ್ಪಿದರು. ಮರುದಿನವೇ ಫರೀದಾಬಾದಿನ ವೆಲ್ಡಿಂಗ್ ಅಂಗಡಿಯವರನ್ನು ಕರೆತಂದು, ಖಾಲಿ ಎಣ್ಣೆ ಡ್ರಮ್ಮುಗಳನ್ನು ಒಂದರ ಮೇಲೊಂದು ಬೆಸೆಸಿ, ದೀಪಸ್ತಂಭವನ್ನು ಫ್ಲೈಓವರಿನ ಗೋಡೆಗಿಂತ ಎತ್ತರಕ್ಕೆ ಏರಿಸಿದರು. ಅದೇ ಕಪ್ಪು ಬಿಳಿ ಪಟ್ಟೆ ಬಳಿಸಿದರು.

‘ನೀನೊಮ್ಮೆ ಮೇಲಿಂದ ಹೋಗಿ ನೋಡು ಮಾರಾಯ, ಕಾಣ್ತದಾ ಅಂತ.’

ಕ್ಯಾಬಿನಲ್ಲಿ ಹೋದೆ. ಗೋಡೆ, ಗೋಡೆ, ಒಂದು ಜಾಹೀರಾತು ಫಲಕ, ಆಮೇಲೆ ತಟ್ಟನೆ ಆ ಪಟ್ಟೆಗಳು. ಮನೆಯವರು ಯಾರೋ ಎದುರಿಗೆ ಬಂದ ಹಾಗಾಯಿತು. ಫೋನ್ ಮಾಡಿದೆ.

‘ಕಾಣ್ತದೆ ಯಜಮಾನ್ರೇ, ಚೆನ್ನಾಗಿ ಕಾಣ್ತದೆ. ಆದರೆ ಕೆಳಗೆ ಇಳಿಯುವ ದಾರಿ ಮೊದಲೇ ಹೋಗಿಬಿಡ್ತದೆ. ಕಂಡ ಮೇಲೆ ಇಳಿಯಲಿಕ್ಕೆ ಆಗುವುದಿಲ್ಲ.’

‘ಕಡಲಲ್ಲಿ ದೀಪ ಕಂಡ ಮೇಲೆ ದೋಣಿ ತಿರುಗಿಸ್ತಾರೆ,’ ಎಂದರು.

ಇಳಿಯುವ ದಾರಿಗೆ ಮೊದಲೇ ಒಂದು ಬೋರ್ಡು ಹಾಕಿಸೋಣ ಎಂದೆ. ‘ಬೋರ್ಡು ನೋಡಿ ಬರುವವರು ಯಾವ ಹೋಟೆಲಿಗೂ ಹೋಗ್ತಾರೆ. ಇದನ್ನು ನೋಡಿ ತಿರುಗಿ ಬರುವವರು ನನ್ನವರು. ಮುಂದೆ ಯೂ ಟರ್ನ್ ಉಂಟಲ್ಲ?’ ಎಂದರು.

ಚಳಿಗಾಲ ಕಳೆಯುತ್ತ ಬಂತು. ಯಾರೂ ತಿರುಗಿ ಬರಲಿಲ್ಲ. ನಾವಿಬ್ಬರೇ ಕೂತು ಮೇಲಿನ ಟಯರುಗಳ ಸದ್ದು ಕೇಳುತ್ತಿದ್ದೆವು.

ಹೋಳಿಗೆ ಇನ್ನೂ ದಿನಗಳಿರುವಾಗ ಒಂದು ಕಾರು ಬಂದು ನಿಂತಿತು. ಇಳಿದವನು ನಡುವಯಸ್ಸಿನವನು. ಚಿಕ್ಕವನಿದ್ದಾಗ ಅಪ್ಪನ ಜೊತೆ ಇಲ್ಲಿ ನಿಲ್ಲುತ್ತಿದ್ದನಂತೆ, ಮೇಲಿಂದ ಪಟ್ಟೆ ಕಂಡು ಗುರುತು ಹಿಡಿದನಂತೆ. ಅವನ ಹೆಗಲ ಮೇಲೆ ಪುಟ್ಟ ಮಗಳು, ಅತ್ತು ಅತ್ತು ಮುಖವೆಲ್ಲ ಕೆಂಪು.

‘ಅಣ್ಣಾ, ಯೂ ಟರ್ನ್ ಇತನಾ ದೂರ್! ಊಪರ್ ಸೇ ಜಾಮ್. ಭೂಖ್ ಸೇ ರೋ ರೋಕರ್ ಯೇ ತೋ ಬೇಹಾಲ್ ಹೋ ಗಯೀ,’ ಎಂದು ಅವನು ದೂರದ ಸುತ್ತನ್ನೂ ಮಗುವಿನ ಹಸಿವನ್ನೂ ನಗುತ್ತಲೇ ಹೇಳಿದ.

ಇವರು ನಗಲಿಲ್ಲ. ಮೊದಲ ದೋಸೆ ಮಗುವಿಗೆ ಹಾಕಿದರು. ಅದು ತಿಂದು ಮುಗಿಸುವವರೆಗೂ ಪಕ್ಕದಲ್ಲೇ ನಿಂತಿದ್ದರು.

ಕಾರು ಹೋದ ಮೇಲೆ ನಾನು ಕುಣಿಯುವುದೊಂದು ಬಾಕಿ. ‘ಗೆದ್ರಿ ಯಜಮಾನ್ರೇ! ಮಗಳಿಗೆ ಫೋನ್ ಮಾಡಿ.’

ಅವರು ಕಲ್ಲು ಉಜ್ಜುತ್ತಿದ್ದರು. ‘ಹಸಿದ ಮಗುವನ್ನು ಅಷ್ಟು ದೂರ ಸುತ್ತಿಸಿ ತಂದು ತಿಂಡಿ ಕೊಡುವುದು ಎಂತ ಹೋಟೆಲು ಮಾರಾಯ?’

ಮುಂದಿನ ಭಾನುವಾರ ಹೋದಾಗ ಬೆಂಚುಗಳು ಮೇಜಿನ ಮೇಲೆ ಕಾಲು ಮೇಲಾಗಿ ಮಲಗಿದ್ದವು. ಡ್ರಮ್ಮುಗಳ ಪಟ್ಟೆಯ ಮೇಲೆ ಬೂದುಬಣ್ಣ ಬಳಿಯಲಾಗಿತ್ತು. ದಿಲ್ಲಿಯ ಚಳಿಗಾಲದ ಆಕಾಶದ ಬಣ್ಣ. ಏಣಿ ಹತ್ತಿ ಅವರೇ ಬಳಿದಿದ್ದರು. ಮೇಲಿಂದ ನೋಡುವವರಿಗೆ ಇನ್ನು ಅಲ್ಲಿ ಏನೂ ಇರಲಿಲ್ಲ.

ಅವರು ತೀರಿಕೊಂಡದ್ದು ಬೇಸಗೆಯಲ್ಲಿ, ಮಗಳ ಫ್ಲ್ಯಾಟಿನಲ್ಲಿ. ನಾನು ಹೋದಾಗ ಅವಳು ಬಾಗಿಲಲ್ಲೇ ಕೇಳಿದಳು: ‘ಭಯ್ಯಾ, ಕೊನೆಗೂ ಒಬ್ಬರೂ ಬರ್ಲಿಲ್ಲ ಅಲ್ವಾ? ಪಪ್ಪಾ ಹಾಗೇ ಹೇಳಿದ್ರು.’

ಅವರು ಹಾಗೆ ಹೇಳಿದ್ದು ನನಗೆ ಆಗಲೇ ತಿಳಿದದ್ದು. ನಾನು ಆ ಕಾರಿನ ವಿಷಯ ಹೇಳಿದೆ. ಮಗುವಿನ ವಿಷಯವನ್ನೂ.

ಅವಳು ಹೋಟೆಲಿನವರ ಮನೆಯ ಹುಡುಗಿಯ ಹಾಗೆಯೇ ಕೇಳಿದಳು: ‘ತಿಂತಾ?’

‘ಪೂರ್ತಿ ತಿಂತು. ಚಟ್ನಿ ಮುಟ್ಟಲಿಲ್ಲ, ಸಕ್ಕರೆ ಕೇಳಿತು.’

‘ದೋಸೆಗೆ ಸಕ್ಕರೆ? ಪಪ್ಪಾ ಕೊಟ್ರಾ?’

‘ಕೊಟ್ಟರು.’

‘ನಂಗೆ ಯಾವತ್ತೂ ಕೊಟ್ಟಿಲ್ಲ,’ ಎಂದು ಅವಳು ನಕ್ಕಳು. ಆ ದಿನ ಮೊದಲ ಸಲ ಅತ್ತದ್ದೂ ಆಗಲೇ.