ಗೋಡೆಯ ಮೇಲಿನ ಹೀರೇಬೀಜ

ನನ್ನ ಮೊಮ್ಮಗಳು ಹಡೆದಿದ್ದಾಳೆ, ಹೆಣ್ಣು ಕೂಸು, ತಾಯಿ ಮಗು ಇಬ್ಬರೂ ಆರಾಮ ಇದ್ದಾರೆ. ಈ ಮಾತು ಮೊದಲು ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಆಮೇಲೆ. ಬೀದರಿನ ಚಿದ್ರಿಯ ನಮ್ಮ ಓಣಿಯಲ್ಲಿ ಎದುರು ಬಂದವರಿಗೆಲ್ಲ ಹೇಳಿ ಮುಗಿಸಿದ್ದೇನೆ; ಹಾಲು ಹಾಕುವವನಿಗೆ ಮತ್ತೆ ಹೇಳಹೋದಾಗ "ನಿನ್ನೇನೂ ಹೇಳಿದ್ರಲ್ರಿ ಆಯಿ" ಎಂದು ನಕ್ಕ. ನಗಲಿ. ಮರಿಮಗಳ ಮುಖ ನೋಡುವ ಭಾಗ್ಯ ನಮ್ಮ ಅವ್ವನಿಗೆ ಇರಲಿಲ್ಲ, ನನಗೆ ಬಂತು. ಇಂದು ಮುಂಜಾನೆ ಕೂಸು ದವಾಖಾನೆಯಿಂದ ಮನೆಗೆ ಬಂತು. ಎರೆದ ಮೇಲೆ ಹೊಗೆ ಹಾಕಬೇಕಲ್ಲ, ಮಗ ಎಲ್ಲಿಂದಲೋ ನಾಲ್ಕು ಸಗಣಿ ಕುಳ್ಳು ತಂದುಕೊಟ್ಟ. ಅಗ್ಗಿಷ್ಟಿಗೆಯ ಕೆಂಡದ ಮೇಲೆ ಕುಳ್ಳು ಇಡುವ ಮೊದಲು ನಾನು ಅದನ್ನು ಮುರಿದು, ಪುಡಿ ಮಾಡಿ, ಬೆರಳಿನಿಂದ ಕೆದರಿ ನೋಡಿದೆ. ಮಂಚದ ಮೇಲಿದ್ದ ಮೊಮ್ಮಗಳು ಸುವರ್ಣ, "ಏನ್ ಹುಡಕಲತ್ತೀ ಆಯಿ ಅದರಾಗ, ಬಂಗಾರ ಅದ ಏನು?" ಎಂದಳು. ಕೈ ತಾನಾಗಿ ಮಾಡಿದ ಕೆಲಸ ಅದು. ಅಷ್ಟರಲ್ಲಿ ಕುಳ್ಳು ಹೊತ್ತಿಕೊಂಡಿತು. ಲೋಬಾನದ ಹೊಗೆ, ಓಂಕಾಳಿನ ಹೊಗೆ, ಅವುಗಳ ಅಡಿಯಲ್ಲಿ ಒಣ ಸಗಣಿ ಸುಡುವ ಆ ಮಂದ ವಾಸನೆ. ಆ ವಾಸನೆಯ ಹಿಂದೆಯೇ ಖಟಕ ಚಿಂಚೋಳಿಯ ನಮ್ಮ ಮನೆ ಬಂದು ನಿಂತಿತು. ಈಗ ಆ ಮನೆ ಇಲ್ಲ.

ಆಯಿ ಎಂದರೆ ನಮ್ಮ ಕಡೆ ಅಜ್ಜಿ. ಈಗ ನಾನು ಆಯಿ, ಆಗ ನನ್ನ ಅಪ್ಪನ ತಾಯಿ ಆಯಿ. ಮಣ್ಣಿನ ಮಾಳಿಗೆಯ ಮನೆ, ಹಿಂದೆ ಹಿತ್ತಲು, ಹಿತ್ತಲಿನ ಆಚೆ ಎದೆಮಟ್ಟದ ಗೋಡೆ. ಬಚ್ಚಲ ನೀರು ಸಣ್ಣ ಕಾಲುವೆಯಾಗಿ ಮೊದಲು ಸಬ್ಬಸಗಿ ಮಡಿಗೆ, ಅಲ್ಲಿಂದ ಮೆಂತ್ಯೆಗೆ, ಕೊತ್ತಂಬರಿಗೆ, ಕೊನೆಗೆ ಬಳ್ಳಿಗಳ ಬುಡಕ್ಕೆ ಹೋಗುತ್ತಿತ್ತು. ನಾವು ಮಕ್ಕಳು ಮೈ ತೊಳೆದುಕೊಂಡರೆ ಹೀರೇಬಳ್ಳಿಗೆ ನೀರು. ಆದ್ದರಿಂದ ಜಳಕ ತಪ್ಪಿಸಿದವರಿಗೆ ಆಯಿ ಬೈಯುತ್ತಿದ್ದದ್ದು ಮೈಯ ಹೊಲಸಿಗಲ್ಲ, ಬಳ್ಳಿಯ ಬಾಯಾರಿಕೆಗೆ. ಸೂರ್ಯ ಇಳಿಯುವ ಹೊತ್ತಿಗೆ ಹೀರೆಯ ಹಳದಿ ಹೂ ಅರಳುತ್ತಿತ್ತು, ಹಸಿ ಸಬ್ಬಸಗಿಯ ವಾಸನೆ ತಂಪು ಮಣ್ಣಿನೊಡನೆ ಅಡಿಗೆಮನೆಯವರೆಗೆ ಬರುತ್ತಿತ್ತು. ನಮ್ಮ ಹೀರೇಕಾಯಿಗೆ ಊರಲ್ಲಿ ಹೆಸರಿತ್ತು. ಬೇರೆಯವರ ಬಳ್ಳಿಯಲ್ಲಿ ಒಮ್ಮೊಮ್ಮೆ ಕಹಿ ಕಾಯಿ ಬರುತ್ತದೆ, ಒಂದು ಕಹಿ ಕಾಯಿ ಬಿದ್ದರೆ ಗಡಿಗೆಯ ಪಲ್ಲೆಯೆಲ್ಲ ಚೆಲ್ಲಬೇಕು. ನಮ್ಮದರಲ್ಲಿ ಕಹಿ ಎಂಬುದಿರಲಿಲ್ಲ. ಆದರೂ ಆಯಿ ಹೆಚ್ಚುವ ಮೊದಲು ಪ್ರತಿ ಕಾಯಿಯ ತುದಿ ಕೊಯ್ದು ನಾಲಿಗೆಗೆ ಹಚ್ಚಿ ನೋಡುತ್ತಿದ್ದಳು.

ಆ ಬೀಜ ಕಾಯುವ ರೀತಿ ಹೇಳಬೇಕು. ಬಳ್ಳಿಯ ಮೊದಲ ಕಾಯಿಗೆ ಬಟ್ಟೆಯ ಚೂರು ಕಟ್ಟಿ ಬೀಜಕ್ಕೆ ಬಿಡುತ್ತಿದ್ದರು, ಅದನ್ನು ಯಾರೂ ಮುಟ್ಟುವಂತಿಲ್ಲ. ಅದು ಒಣಗಿದ ಮೇಲೆ ಬೀಜ ತೆಗೆದು, ಸಗಣಿಯಲ್ಲಿ ಬೂದಿ ಕಲಸಿ, ಅಂಗೈಯಗಲದ ಕುಳ್ಳು ತಟ್ಟಿ, ಬೀಜಗಳನ್ನು ಅದರೊಳಗೆ ಒತ್ತಿ ಅಡಿಗೆಮನೆಯ ಗೋಡೆಗೆ ಬಡಿಯುತ್ತಿದ್ದರು. ಹುಳ ಮುಟ್ಟುತ್ತಿರಲಿಲ್ಲ, ಇಲಿ ಮುಟ್ಟುತ್ತಿರಲಿಲ್ಲ. ಆದರೆ ಎಲ್ಲ ಬೀಜ ಒಂದೇ ಗೋಡೆಯ ಮೇಲೆ ಇರಬಾರದು ಎಂಬುದು ಆಯಿಯ ನೇಮ. ಅರ್ಧ ನಮ್ಮ ಗೋಡೆಗೆ, ಇನ್ನರ್ಧ ಹಿತ್ತಲಾಚೆಯ ಬಾನೂಬಿಯ ಗೋಡೆಗೆ. ಬಾನೂಬಿ ಆಯಿಯ ವಾರಿಗೆಯವಳು, ಆದರೂ ಓಣಿಗೆಲ್ಲ ಖಾಲಾ, ಚಿಕ್ಕಮ್ಮ. ಆಕೆಯ ಸೋರೆ, ಸೌತೆ ಬೀಜದ ಅರ್ಧ ನಮ್ಮ ಗೋಡೆಯ ಮೇಲೆ ಇರುತ್ತಿತ್ತು. ಒಬ್ಬರ ಮನೆಗೆ ಏನಾದರೂ ಆದರೆ ಇನ್ನೊಬ್ಬರ ಮನೆಯಲ್ಲಿ ಉಳಿಯುತ್ತದೆ. ಇಬ್ಬರೂ ಅದಕ್ಕೆ ಅಮಾನತ್ ಎನ್ನುತ್ತಿದ್ದರು, ನಂಬಿ ಕೊಟ್ಟು ಇಟ್ಟದ್ದು ಎಂದು. ಇಬ್ಬರ ಮನೆಗೂ ಒಂದೇ ವರ್ಷ ಏನಾದರೂ ಆದೀತು ಎಂದು ಇಬ್ಬರಿಗೂ ಹೊಳೆದಿರಲಿಲ್ಲ.

ಪೊಲೀಸ್ ಆಕ್ಷನ್ ಆದ ವರ್ಷ ಅದು. ಮಳೆಗಾಲಕ್ಕೆ ಮೊದಲೇ ನಮ್ಮೂರ ದಾರಿಯಲ್ಲಿ ನಿಜಾಮನ ಕಡೆಯ ರಜಾಕಾರರ ಓಡಾಟ ಹೆಚ್ಚಾಗಿ, ಅಪ್ಪ ನಮ್ಮೆಲ್ಲರನ್ನೂ ಗಾಡಿಯಲ್ಲಿ ಹಾಕಿಕೊಂಡು ಔರಾದ ಕಡೆ ಚಿಂತಾಕಿಗೆ, ಆಯಿಯ ತವರಿಗೆ ಹೋದ. ಹಿತ್ತಲಿಗೆ ನೀರು ಬಿಡುವುದನ್ನು ಬಾನೂಬಿಗೆ ಹೇಳಿ ಹೋದೆವು. ಚಿಂತಾಕಿಯಲ್ಲಿರುವಾಗಲೇ, ವಾದ್ಯವಿಲ್ಲ ಮೆರವಣಿಗೆಯಿಲ್ಲ, ನನ್ನ ಕಾಕಾನ ಮದುವೆ ಆ ಊರಿನ ನೀಲಮ್ಮನ ಜೊತೆ ಆಯಿತು. ನೀಲಾ ಕಾಕಿಗೆ ಆಗಿನ್ನೂ ಸೀರೆ ಸರಿಯಾಗಿ ನಿಲ್ಲುತ್ತಿರಲಿಲ್ಲ, ನನ್ನ ಜೊತೆ ಗಜಗ ಆಡುತ್ತಿದ್ದಳು. ಅಲ್ಲಿಯೇ ಕೇಳಿದೆವು, ಹಿಂದುಸ್ತಾನದ ಫೌಜು ಬಂತು, ನಿಜಾಮನ ರಾಜ್ಯ ಮುಗಿಯಿತು ಎಂದು. ನಾವು ಊರಿಗೆ ತಿರುಗಿದೆವು. ನಾವು ಬರುವ ಹೊತ್ತಿಗೆ ಬಾನೂಬಿಯ ಮನೆಯವರು ಇರಲಿಲ್ಲ. ಮೊದಲು ಹೆದರಿದವರು ನಾವು, ಆಮೇಲೆ ಹೆದರುವ ಪಾಳಿ ಅವರದು.

ಮನೆ ಬಾಗಿಲು ಮುರಿದಿತ್ತು. ಹಿತ್ತಲಲ್ಲಿ ತಾನೇ ಹುಟ್ಟಿದ ಪುಂಡಿ ಬಿಟ್ಟರೆ ಬರಿ ಕಸ. ಜಿಟಿಜಿಟಿ ಮಳೆ, ಕಟ್ಟಿಗೆಯೆಲ್ಲ ತೊಯ್ದಿತ್ತು, ಮಕ್ಕಳು ಹಸಿದು ಅಳುತ್ತಿದ್ದೆವು. ಹೊಸ ಸೊಸೆ ಮೊದಲ ಸಲ ಹೊಸ್ತಿಲು ದಾಟಿದ ದಿನ ಒಲೆ ಆಕೆಯ ಕೈಯಿಂದಲೇ ಹೊತ್ತಬೇಕೆಂದು ಅವ್ವ ಹೇಳಿ, ಗಾಡಿಯ ಸಾಮಾನು ಇಳಿಸಲು ಹೋದಳು. ಕಾಕಿ ಸುತ್ತ ನೋಡಿದಳು. ಗೋಡೆಯ ಮೇಲೆ ಸಾಲಾಗಿ ಒಣ ಕುಳ್ಳು ಇದ್ದವು. ಚಿಂತಾಕಿಯಲ್ಲಿ ಬೀಜ ಇಡುವುದು ಬೂದಿಯ ಗಡಿಗೆಯಲ್ಲಿ. ಗೋಡೆಯ ಮೇಲಿನದು ಅಲ್ಲಿ ಬರಿ ಕುಳ್ಳು. ಆಕೆ ಒಂದೊಂದಾಗಿ ಕಿತ್ತು ಒಲೆಗಿಟ್ಟಳು, ಚಟಚಟ ಸದ್ದಾಯಿತು, ಒಲೆ ಚೆಂದ ಹೊತ್ತಿತು, ನುಚ್ಚು ಬೆಂದಿತು. ಆಯಿ ಹಿತ್ತಲಿಂದ ಪುಂಡಿಸೊಪ್ಪು ಹಿಡಿದು ಒಳಗೆ ಬಂದಾಗ ಗೋಡೆಯ ಮೇಲೆ ದುಂಡನೆಯ ಕಲೆಗಳಷ್ಟೇ ಇದ್ದವು. ಆಯಿ ಗೋಡೆ ನೋಡಿದಳು, ಒಲೆ ನೋಡಿದಳು, ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದ ಸೊಸೆಯನ್ನು ನೋಡಿದಳು. "ಮೊದಲ ಕೂಸುಗಳಿಗಿ ನೀಡು" ಎಂದಷ್ಟೇ ಹೇಳಿದಳು.

ನಮ್ಮ ಬೀಜವೂ ಹೋಯಿತು, ಬಾನೂಬಿಯ ಅಮಾನತ್ತೂ ಹೋಯಿತು. ಕಾಕಿಗೆ ವಿಷಯ ಗೊತ್ತಾದದ್ದು ಮರುದಿನ, ಓಣಿಯವರ ಬಾಯಿಂದ. ಸೊಸೆ ಬಂದ ಗಳಿಗೆಯಲ್ಲೇ ಮನೆಯ ಬೀಜ ಬೂದಿಯಾಯಿತು, ಇಂಥ ಕಾಲ್ಗುಣದವಳನ್ನು ತವರಿಗೆ ಬಿಟ್ಟುಬರುವುದು ವಾಸಿ ಎಂದು ಅದೇ ಓಣಿಯಲ್ಲಿದ್ದ ನಮ್ಮ ದೊಡ್ಡತ್ತೆ ಕಟ್ಟೆಯ ಮೇಲೆ ಕುಳಿತು ಎಲ್ಲರಿಗೂ ಕೇಳುವಂತೆ ಅಂದಳು. ಕಾಕಾ ತಲೆ ಎತ್ತಲಿಲ್ಲ. ಆಯಿ ಸೊಪ್ಪು ಸೋಸುವುದನ್ನು ನಿಲ್ಲಿಸದೆ, "ನನ್ನ ಸೊಸಿ ಬಂದ ದಿನಾ ನಮ್ಮನಿ ಒಲಿ ಹತ್ತೇದ. ಆವತ್ತ ನಿಮ್ಮನ್ಯಾಗ ಹತ್ತಿತ್ತೇನವ್ವ?" ಎಂದಳು. ಮಾತು ಅಲ್ಲಿಗೆ ನಿಂತಿತು, ಕಾಕಿಯ ಅಳು ನಿಲ್ಲಲಿಲ್ಲ. ಆಕೆ ಗಜಗ ಆಡುವುದನ್ನು ಬಿಟ್ಟಳು. ಆಯಿಯೊಬ್ಬಳು ಸುಮ್ಮನಿದ್ದರೆ ಆಯಿತೇ, ಬರುವ ಮುಂಗಾರಿಗೆ ಹೀರೆಯ ಹಂದರ ಬರಿದಾಗಿ ನಿಂತರೆ ದಾರಿಯಲ್ಲಿ ಹೋಗುವವರೆಲ್ಲ ನೋಡುತ್ತಾರೆ, ಆಗ ತನ್ನನ್ನು ಕಳಿಸಿಯೇ ಬಿಡುತ್ತಾರೆ ಎಂದು ಅವ್ವನ ಮುಂದೆ ಹೇಳಿಕೊಳ್ಳುತ್ತಿದ್ದಳು.

ಹಿತ್ತಲಾಚೆ ಬಾನೂಬಿಯ ಮನೆ ತೆರೆದು ಬಿದ್ದಿತ್ತು. ತಟ್ಟೆ, ಹಂಡೆ, ಕೌದಿ, ಬಾಗಿಲ ಚೌಕಟ್ಟು ಸಹ ಯಾರ‍್ಯಾರೋ ಒಯ್ದಿದ್ದರು. ಸಗಣಿ ಯಾರಿಗೆ ಬೇಕು? ಗೋಡೆಯ ಮೇಲೆ ಕುಳ್ಳು ಹಾಗೇ ಇದ್ದವು, ನಮ್ಮ ಹಿತ್ತಲಿಂದಲೇ ಕಾಣುತ್ತಿದ್ದವು. ಯಾರು ಇರುತ್ತಾರೆ ಯಾರು ಹೋಗುತ್ತಾರೆ ತಿಳಿಯದ ಆ ಮುಂಗಾರಿನಲ್ಲಿ ಆಕೆಯೂ ಬೀಜ ಊರಿರಲಿಲ್ಲ. ನಮ್ಮ ಹೀರೆಯ ಅರ್ಧ ಅಲ್ಲಿತ್ತು. ಆಯಿ ಜಾಲಿಮುಳ್ಳು ಕಡಿಸಿ ಆ ಬಾಗಿಲಿಗೆ ಬಡಿಸಿದಳು, ದನ ಹೋಗದ ಹಾಗೆ, ಜನ ಹೋಗದ ಹಾಗೆ. ಒಂದು ಮಧ್ಯಾಹ್ನ ಕಾಕಿ ಆ ಮುಳ್ಳು ಸರಿಸುತ್ತಿದ್ದಳು, ನಾನು ಹಿಂದೆ ನಿಂತಿದ್ದೆ. ಆಯಿ ಗೋಡೆಯ ಈಚೆಯಿಂದ ಕೂಗಿದಳು. ನಮ್ಮದನ್ನೇ ತರುತ್ತೇನೆ, ಅವರದೊಂದು ಕಾಳೂ ಮುಟ್ಟುವುದಿಲ್ಲ ಎಂದು ಕಾಕಿ ಕೈ ಮುಗಿದಳು.

"ನಮ್ದೇ ಅದ, ಖರೇ" ಎಂದಳು ಆಯಿ. "ಆದ್ರ ಆಕಿ ಇಲ್ಲದಾಗ ಆಕಿ ಹೊಸ್ತಲಾ ದಾಟಿದ್ರ, ಹಂಡೆ ಒಯ್ದವ್ರಿಗಿ ನಮಗಿ ಏನ್ ಫರಕ್ ಉಳೀತು? ಬಾ ಈಕಡಿ."

ಕಾಕಿ ಬಂದಳು. ಮುಳ್ಳು ಅಂಗೈಗೆ ಚುಚ್ಚಿತ್ತು; ಆಯಿ ಅರಿಷಿಣ ಹಚ್ಚಿದಳು. ಚಳಿಗಾಲ ಕಳೆಯಿತು. ಚಿಂತಾಕಿಯಿಂದ ತರಿಸಿದ ಸಬ್ಬಸಗಿ, ಮೆಂತ್ಯೆ ಮಡಿಗಳಲ್ಲಿ ಎದ್ದವು. ಕಾಕಿಯ ಅಪ್ಪ ಬೇರೆ ಹೀರೇಬೀಜ ಕೊಡಲು ಬಂದರೆ ಆಯಿ ಬೇಡವೆಂದಳು. ಬೇಸಿಗೆಯೂ ಮುಗಿಯುತ್ತ ಬಂತು, ಮೋಡ ಕಟ್ಟತೊಡಗಿತು, ಹಂದರದ ಕೋಲುಗಳು ಬರಿದಾಗಿಯೇ ನಿಂತಿದ್ದವು. ಕಾಕಿ ಆ ಕಡೆ ಮುಖ ಮಾಡುತ್ತಿರಲಿಲ್ಲ.

ಕಾರಹುಣ್ಣಿಮೆಗೆ ಸ್ವಲ್ಪ ಮೊದಲು ಬಾನೂಬಿ ಬಂದಳು, ಬೀದರಿನಲ್ಲಿದ್ದ ಮಗಳ ಜೊತೆ. ಆಕೆಯ ಗಂಡ, ನಮ್ಮ ಚಾಚಾ, ಬರಲಿಲ್ಲ. ಅದನ್ನು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಆಯಿ ತಾನೇ ಮುಳ್ಳು ಎಳೆದು ದಾರಿ ಮಾಡಿದಳು. ಬಾನೂಬಿ ಒಳಗೆ ಹೋಗಿ ಬರಿದಾದ ಮನೆಯನ್ನೆಲ್ಲ ತಿರುಗಿ ನೋಡಿದಳು. ಆಯಿ ಬಾಯಿ ತೆಗೆಯುವ ಮೊದಲೇ ಕಾಕಿ ಮುಂದೆ ಹೋಗಿ, ನಿಮ್ಮ ಅಮಾನತ್ ನಾನೇ ಸುಟ್ಟೆನ್ರಿ, ಆಯಿಯ ತಪ್ಪಿಲ್ಲ ಎಂದು ಹೇಳಿದಳು. ಬಾನೂಬಿ ಯಾರಿವಳು ಎಂಬಂತೆ ಆಯಿಯನ್ನು ನೋಡಿದಳು, ಆಯಿ ಹೊಸ ಸೊಸೆ ಎಂದಳು.

"ಒಲಿ ಹಚ್ಚಲಾಕ ಸುಟ್ಟೀದಿ, ಬೇಟಿ" ಎಂದಳು ಬಾನೂಬಿ. "ಮನಿ ಹಚ್ಚಲಾಕ ಅಲ್ಲ."

ಆಮೇಲೆ ಗೋಡೆಯ ಕುಳ್ಳುಗಳನ್ನು ತಾನೇ ಬಿಡಿಸಿ, ನಮ್ಮವನ್ನು ಆಯಿಯ ಕೈಗಲ್ಲ, ಕಾಕಿಯ ಸೆರಗಿಗೆ ಹಾಕಿದಳು. ತನ್ನವುಗಳಲ್ಲೂ ಅರ್ಧ ಹಾಕಿದಳು, ಮತ್ತೆ ನಮ್ಮ ಗೋಡೆಗೆಂದು. ಬೀಜ ಹಳತಾಗಿತ್ತು, ಎಲ್ಲವೂ ಮೊಳೆಯಲಿಲ್ಲ. ಮೊಳೆತವು ಹಂದರಕ್ಕೆ ಸಾಕಾದವು. ದೊಡ್ಡತ್ತೆ ಮೊದಲ ಕಾಯಿ ಕೇಳಲು ಬಂದಾಗ, ಅದು ಬೀಜಕ್ಕೆ ಬಿಟ್ಟದ್ದು ಎಂದು ಕಾಕಿಯೇ ಹೇಳಿದಳು. ಅಂದಿನಿಂದ ನಮ್ಮ ಮನೆಯಲ್ಲಿ ಕುಳ್ಳನ್ನು ಮುರಿದು ನೋಡದೆ ಒಲೆಗೆ ಇಟ್ಟವರಿಲ್ಲ. ಕಾಕಿ ಮುಪ್ಪಾಗಿ ಕಣ್ಣು ಮಂಜಾದ ಮೇಲೂ ಬೆರಳಿನಿಂದ ತಡವಿ ನೋಡುತ್ತಿದ್ದಳು.

ಆಯಿ ಹೋದಳು, ಬಾನೂಬಿಯೂ ಹೋದಳು. ಗೋಡೆ ಒಂದು ಮಳೆಗೆ ಕುಸಿಯಿತು, ಮತ್ತೆ ಕಟ್ಟುವವರಿರಲಿಲ್ಲ. ಹಿತ್ತಲಿದ್ದಲ್ಲಿ ಈಗ ಯಾರದೋ ಮೋಟಾರು ನಿಲ್ಲುತ್ತದೆ. ನಾನು ಲಗ್ನವಾಗಿ ಬರುವಾಗ ಕಾಕಿ ಒಂದು ಕುಳ್ಳು ಸೀರೆಗಳ ನಡುವೆ ಇಟ್ಟುಕೊಟ್ಟಿದ್ದಳು. ಅದರ ಬಳ್ಳಿ ಈಗಲೂ ಚಿದ್ರಿಯ ನಮ್ಮ ಕಂಪೌಂಡಿನ ಮೇಲಿದೆ. ಸುಣ್ಣದ ಗೋಡೆ ಹೋಗಿ ಬಣ್ಣದ ಗೋಡೆ ಬಂದಿದೆ, ಸಗಣಿ ಬಡಿದರೆ ಸೊಸೆ ಸಿಟ್ಟಾಗುತ್ತಾಳೆ; ಬೀಜ ಡಬ್ಬಿಯಲ್ಲಿವೆ. ನೀವೂ ಇಂಥದ್ದೇ ಯಾವುದೋ ಗೋಡೆಯನ್ನು ನೆನೆಯುತ್ತಿರಬಹುದು.

ಇದನ್ನೆಲ್ಲ ಕೂಸಿಗೆ ಹೊಗೆ ಹಾಕುತ್ತ ಸುವರ್ಣಳಿಗೆ ಹೇಳಿದೆ. ಆಕೆಯ ಅತ್ತೆ, ನಮ್ಮ ಬೀಗತಿ, ಕೂಸು ನೋಡಲು ಭಾಲ್ಕಿಯಿಂದ ಬಂದವರು, ಅವರೂ ಕೇಳುತ್ತಿದ್ದರು. ಸಂಜೆ ನಾನು ಡಬ್ಬಿಯ ಬೀಜದ ಅರ್ಧ ಎಣಿಸದೆ ಅವರ ಉಡಿಗೆ ಹಾಕಿದೆ. "ನಮ್ಮ ಕೊಟ್ಟಗಿ ಗ್ವಾಡಿ ಇನ್ನಾ ಮಣ್ಣಿಂದೇ ಅದರಿ" ಎಂದರು. ಆಮೇಲೆ ಎಲ್ಲರೂ ಉಣ್ಣಲು ಕುಳಿತೆವು, ಮಗ, ಸೊಸೆ, ಬೀಗತಿ, ಬಾಗಿಲ ಹತ್ತಿರ ಮಂಚದ ಮೇಲೆ ಬಾಣಂತಿ, ಆಕೆಯ ಮಗ್ಗುಲಲ್ಲಿ ನಿದ್ದೆಹೋದ ಕೂಸು. ಬಿಸಿ ರೊಟ್ಟಿ, ಸಬ್ಬಸಗಿ ಹಾಕಿದ ಬ್ಯಾಳಿ, ಖಾರ ಕಡಿಮೆ ಮಾಡಿದ ಹೀರೇಕಾಯಿ ಪಲ್ಲೆ. ಹೆಚ್ಚುವಾಗ ನಾನು ಪ್ರತಿ ಕಾಯಿಯ ತುದಿ ನಾಲಿಗೆಗೆ ಹಚ್ಚಿ ನೋಡಿದ್ದೆ. ಒಂದೂ ಕಹಿ ಇರಲಿಲ್ಲ.